ಬಲಗೈಯ ಪೆಟ್ಟಿಗೆ

ಮಧ್ಯಾಹ್ನ ಎರಡು ದಾಟಿತೆಂದರೆ ಹಾನಗಲ್ಲಿನ ಪೇಟೆಯಲ್ಲಿ ಅರ್ಧ ಅಂಗಡಿಗಳು ಬಾಗಿಲು ತೆರೆದುಕೊಂಡೇ ನಿದ್ದೆ ಹೋಗುತ್ತಿದ್ದವು. ರೇಡಿಯೋ ರಿಪೇರಿಯ ಚೌಡಪ್ಪನೂ ಮಲಗುತ್ತಿದ್ದ. ಬೇರೆಯವರು ಉಂಡ ಭಾರಕ್ಕೆ ಮಲಗಿದರೆ ಇವನು ಕೆಲಸಕ್ಕಾಗಿ ಮಲಗುತ್ತಿದ್ದ. ನಗಬೇಡಿ, ನಿಜವಾಗಿಯೂ ಕೆಲಸಕ್ಕಾಗಿಯೇ. ತಗಡಿನ ಮಾಡಿನ ಕೆಳಗೆ, ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳ ನಡುವೆ, ಬೆಂಚಿನ ಮೇಲೆ ತಲೆಗೆ ಕೈ ಕೊಟ್ಟು ಕಣ್ಣು ಮುಚ್ಚುವನು. ಪಕ್ಕದಲ್ಲೊಂದು ರೇಡಿಯೋ ಯಾವ ಸ್ಟೇಷನ್ನಿಗೂ ಸೇರದ ಜಾಗದಲ್ಲಿ ಮುಳ್ಳು ನಿಲ್ಲಿಸಿಕೊಂಡು ಸುಯ್ಯ್ ಎನ್ನುತ್ತಿರುವುದು. ಆ ಸದ್ದಿನ ಒಳಗೆ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಹೊತ್ತಿನಲ್ಲಿ, ಅವನಿಗೆ ಅಪ್ಪನ ಹಲಗಿಯ ಬಡಿತ ಕೇಳುತ್ತಿತ್ತು.

ಮೊದಲು ಬಹಳ ದೂರದಲ್ಲಿ, ನೀರಿನ ಆಚೆ ದಡದಲ್ಲಿ ಯಾರೋ ಬಾರಿಸಿದ ಹಾಗೆ. ಆಮೇಲೆ ಮೆಲ್ಲಗೆ ಹತ್ತಿರ ಬರುವುದು. ಬಲಗೈಯ ದಪ್ಪ ಕೋಲಿನ ಪೆಟ್ಟು ಧಿಮ್ ಎಂದು ಎದೆಗೆ ಬಡಿಯುವುದು, ಎಡಗೈಯ ಸಣ್ಣ ಕಡ್ಡಿ ಟಕಟಕ ಎಂದು ಅದರ ಸುತ್ತ ಓಡಾಡುವುದು. ಹದಿನಾಲ್ಕು ಪೆಟ್ಟಿಗೊಂದು ಸುತ್ತು. ಏಳನೆಯ ಪೆಟ್ಟಿನ ಹೊತ್ತಿಗೆ ಬೆಂಚು, ಅಂಗಡಿ, ಹಾನಗಲ್ಲು ಯಾವುದೂ ಇರುತ್ತಿರಲಿಲ್ಲ. ಚೌಡಪ್ಪ ಮಾಸೂರಿನ ಕೆರೆಯ ಏರಿಯ ಮೇಲೆ ಬರಿಗಾಲಲ್ಲಿ ನಿಂತಿರುತ್ತಿದ್ದ. ಅಷ್ಟರಲ್ಲಿ ಹೆಂಡತಿ ಉಡಚವ್ವ ಬುತ್ತಿ ತಂದು ಬೆಂಚಿಗೆ ಕುಕ್ಕಿದಳೋ, ಎಲ್ಲ ಹೋಯಿತು.

"ಗಿರಾಕಿ ಬಂದು ಕರದು ಕರದು ಹೋದ್ರು. ಊರ ರೇಡಿಯೋ ಎಲ್ಲಾ ಇಲ್ಲಿ ಸತ್ತು ಬಿದ್ದಾವ, ನೀವು ಅವುಗೋಳ ಜೋಡಿ ಮಲಗೀರಿ."

"ಮಲಗಿಲ್ಲ, ಕೇಳಾಕತ್ತಿದ್ನಿ."

"ಗೊರಕಿ ಹೊಡಕೋಂತ ಕೇಳೋ ಮಂದಿ ನಾ ಇವತ್ತ ಕಂಡೆ ನೋಡ್ರಿ."

ಚೌಡಪ್ಪ ಎದ್ದು ಕೂತು, ಒಂದು ರಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಿದ್ದ. ಕೇಳಿದ್ದು ಆರಿ ಹೋಗುವ ಮೊದಲೇ ಇಡಬೇಕು. ಇದು ಸಾವಿರದ ಒಂಬೈನೂರ ಎಂಬತ್ತೆರಡರ ಮಾತು. ಆಗ ಅವನಿಗೆ ಮೂವತ್ತನಾಲ್ಕು. ಅವನ ಅಪ್ಪ ಗುತ್ತೆಪ್ಪ ಅವನೊಡನೆ ಮಾತು ಬಿಟ್ಟು ಹದಿನಾರು ವರ್ಷವಾಗಿತ್ತು.

ಮಾತು ಬಿಟ್ಟದ್ದು ಯಾಕೆಂದು ಹೇಳದೆ ಮುಂದೆ ಹೋಗಲಾಗದು. ಗುತ್ತೆಪ್ಪ ಮಾಸೂರಿನ ಹಲಗಿಯವನು. ಊರಲ್ಲಿ ಯಾರು ಸತ್ತರೂ, ಯಾವ ಸುದ್ದಿ ಸಾರಬೇಕಾದರೂ, ಆಳು ಬಂದು ಕೇರಿಯ ಬಾಯಲ್ಲಿ ನಿಂತು ಕೂಗಿದರೆ ಉಣ್ಣುವ ತಾಟು ಬಿಟ್ಟು ಏಳಬೇಕು. ಅದು ಊರ ಕಟ್ಟಳೆ. ಅಂಥ ಕರೆಯ ಬಡಿತಗಳು ಗುತ್ತೆಪ್ಪನಿಗೆ ಹತ್ತಾರು ಬರುತ್ತಿದ್ದವು. ಆದರೆ ಯಾರೂ ಕರೆಯದ ಒಂದು ಬಡಿತವೂ ಅವನಲ್ಲಿತ್ತು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ದಿನ, ಯಾರಿಗೂ ಹೇಳದೆ ಏರಿಯ ಮೇಲೆ ಹೋಗಿ ನಿಂತು, ನೀರಿನ ಕಡೆ ಮುಖ ಮಾಡಿ ಬಾರಿಸುತ್ತಿದ್ದ. ಚೌಡಪ್ಪನ ಅಜ್ಜ ಬಾರಿಸುತ್ತಿದ್ದದ್ದು ಅದು, ಅದಕ್ಕೆ ಹೆಸರಿಲ್ಲ. ಸಣ್ಣ ಚೌಡಪ್ಪ ಅಪ್ಪನ ಧೋತರದ ಚುಂಗು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ. ಅಪ್ಪ ಆಗ ಬೇರೆಯೇ ಮನುಷ್ಯನಾಗಿ ಕಾಣುತ್ತಿದ್ದ.

ಚೌಡಪ್ಪನಿಗೆ ಹದಿನೆಂಟಾದಾಗ ಅವನೂ ಕೇರಿಯ ಹುಡುಗರೂ ಹುಬ್ಬಳ್ಳಿಗೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದರು. ಇನ್ನು ಕರೆದಾಗ ಹಲಗಿ ಹಿಡಿಯುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಹದಿನೈದು ದಿನವೂ ಆಗಿರಲಿಲ್ಲ, ದೊಡ್ಡ ಮನೆಯ ಆಳು ಬಂದು ಕೂಗಿದ. ಗುತ್ತೆಪ್ಪ ಎಂಜಲು ಕೈಯಲ್ಲೇ ಎದ್ದ. ಚೌಡಪ್ಪನಿಗೆ ತಡೆಯಲಾಗಲಿಲ್ಲ. ಗೂಟದ ಮೇಲಿನ ಹಲಗಿ ಕಿತ್ತುಕೊಂಡು ಓಡಿ ಹೋಗಿ ಕೆರೆಯ ಕಾಲುವೆಯಲ್ಲಿ ಅದ್ದಿ ಹಿಡಿದ. ಹಲಗಿಗೆ ನೀರೆಂದರೆ ಸಾವು. ಗುತ್ತೆಪ್ಪ ಅದನ್ನು ಮೂರು ದಿನ ಒಲೆಯ ಮುಂದೆ ಒಣಗಿಸಿದ. ಅಜ್ಜನ ಕಾಲದ ಚರ್ಮ ಸೊಟ್ಟಗೆ ಬಿರಿದು ಹೋಯಿತು.

ಮೂರನೆಯ ದಿನ ಗುತ್ತೆಪ್ಪ ಮಗನಿಗೆ ಹೇಳಿದ: "ನೀ ಮಾಡಿದ್ದು ನ್ಯಾಯಾನ ಐತಿ. ಆದ್ರ ನನ್ನ ಕೈ ಕಡದಿ." ಅದೇ ಕೊನೆಯ ಮಾತು.

ಇದರಲ್ಲಿ ಯಾರದು ತಪ್ಪು ಎಂದು ನನ್ನನ್ನು ಕೇಳಬೇಡಿ. ಒಬ್ಬ ತಪ್ಪಿದ್ದರೆ ಇನ್ನೊಬ್ಬ ಕ್ಷಮಿಸಿಯಾನು. ಇಬ್ಬರೂ ಸರಿ ಇದ್ದರೆ ಆ ಜಗಳ ಹರಿಯುವುದು ಹೇಗೆ? ಚೌಡಪ್ಪ ಹಾನಗಲ್ಲಿಗೆ ಬಂದು ಅಕ್ಬರಸಾಬರ ಮೈಕ್ ಸೆಟ್ಟಿನ ಅಂಗಡಿ ಸೇರಿದ. ವೈರು ಸುತ್ತಿದ, ಮರ ಹತ್ತಿ ಮೈಕಿನ ಭೋಂಗಾ ಕಟ್ಟಿದ, ರೇಡಿಯೋ ಬಿಚ್ಚಲು ಕಲಿತ, ಎಪ್ಪತ್ತೆರಡರಲ್ಲಿ ತನ್ನದೇ ಅಂಗಡಿ ಇಟ್ಟ, ಮದುವೆಯಾದ. ಊರಿಗೆ ಹೋದಾಗಲೆಲ್ಲ ಅಪ್ಪ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. "ಅವಂಗ ಊಟ ಹಾಕು" ಎಂದು ಮಗಳು ಭರಮವ್ವನಿಗೆ ಹೇಳುತ್ತಿದ್ದ. ಮಗನಿಗೆ ಅಪ್ಪನಿಂದ ಸಿಗುತ್ತಿದ್ದದ್ದು ಅಷ್ಟೇ, ಅದೂ ಅಕ್ಕನ ಕೈಯಿಂದ.

ಎಂಬತ್ತೊಂದರ ಕೊನೆಗೆ ಗುತ್ತೆಪ್ಪನಿಗೆ ಲಕ್ವ ಹೊಡೆಯಿತು. ಬಲ ಭಾಗ ಪೂರ್ತಿ ಬಿದ್ದಿತು. ಡಾಕ್ಟರು, ಇನ್ನೊಮ್ಮೆ ಬಂದರೆ ಉಳಿಯುವುದಿಲ್ಲ ಎಂದರು. ಚೌಡಪ್ಪ ಓಡಿ ಹೋದ. ಅಪ್ಪ ಅಕ್ಕನ ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಆ ಬಲಗೈ, ಊರೆಲ್ಲ ಕೇಳುವ ಹಾಗೆ ಧಿಮ್ಮೆನ್ನಿಸುತ್ತಿದ್ದ ಕೈ, ಒಗೆದು ಹಾಕಿದ ಬಟ್ಟೆಯಂತೆ ಪಕ್ಕದಲ್ಲಿ ಬಿದ್ದಿತ್ತು. ಎಡಗೈಯ ಬೆರಳು ಮಾತ್ರ ಹೊರಸಿನ ಚೌಕಟ್ಟನ್ನು ಟಕ್, ಟಕಟಕ್ ಎಂದು ಬಡಿಯುತ್ತಲೇ ಇದ್ದವು.

"ಬ್ಯಾನ್ಯಾಗ ಬೆಳ್ಳು ಹಂಗ ಅದರತಾವ ತಮ್ಮಾ," ಎಂದು ಭರಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಗಲೆಲ್ಲಾ ಹಂಗ. ನೋಡಾಕ ಆಗೂದಿಲ್ಲ."

ಚೌಡಪ್ಪ ಗೋಡೆಗೆ ಒರಗಿ ಕೂತು ಒಂದು ಇಳಿಹೊತ್ತು ಪೂರ್ತಿ ಅದನ್ನೇ ಕೇಳಿದ. ಬೆರಳು ಅದುರುತ್ತಿರಲಿಲ್ಲ. ಬಡಿಯುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಬಡಿಯುತ್ತಿದ್ದವು. ನಿಂತ ಜಾಗಗಳು ಪ್ರತಿ ಸುತ್ತಿಗೂ ಅವೇ. ಇದ್ದಕ್ಕಿದ್ದಂತೆ ಅವನಿಗೆ ಹೊಳೆಯಿತು. ಅಪ್ಪ ಕೋಡಿಯ ಬಡಿತ ಬಾರಿಸುತ್ತಿದ್ದ. ಎಡಗೈ ತನ್ನ ಪಾಲಿನದು ಬಾರಿಸಿ, ಬಲಗೈಯ ಪೆಟ್ಟು ಬೀಳಬೇಕಾದಲ್ಲಿ ಕಾಯುತ್ತಿತ್ತು. ಬಲಗೈ ಬರುತ್ತಿರಲಿಲ್ಲ.

ಆ ದಿನವೇ ಚೌಡಪ್ಪ ನಿಶ್ಚಯ ಮಾಡಿದ. ಆ ಖಾಲಿ ಜಾಗಗಳನ್ನು ತುಂಬಬೇಕು, ಅಪ್ಪ ಇರುವಷ್ಟರಲ್ಲಿ ತುಂಬಬೇಕು. ಆಗಲಾದರೂ ಒಂದು ಮಾತು ಆಡಿಯಾನು. ಚೌಡಪ್ಪನೇ ಒಂದು ಹಲಗಿ ಹಿಡಿದು ಬಾರಿಸಬಹುದಿತ್ತಲ್ಲ ಎನ್ನುತ್ತೀರಿ. ಕಲಿತಿರಲಿಲ್ಲ. ಮೇಲಾಗಿ ಹಲಗಿ ಹಿಡಿಯುವುದಿಲ್ಲ ಎಂದ ಪ್ರತಿಜ್ಞೆ ಅವನ ಬೆನ್ನು ನೆಟ್ಟಗೆ ಮಾಡಿದ ಪ್ರತಿಜ್ಞೆ, ಅದನ್ನು ಮುರಿಯಲಾರ. ಅವನಿಗೆ ಬರುತ್ತಿದ್ದದ್ದು ತಂತಿ, ಕಾವಿಗೆ ಕರಗುವ ಸೀಸ, ಟ್ರಾನ್ಸಿಸ್ಟರು. ಅವುಗಳಿಂದಲೇ ಅಪ್ಪನ ಬಲಗೈ ಮಾಡಬೇಕು.

ಅಕ್ಬರಸಾಬರ ಅಟ್ಟದಲ್ಲಿ ಮೂಲೆ ಸೇರಿದ್ದ ಚಾವಿ ಕೊಡುವ ಗ್ರಾಮಾಫೋನು ಕೇಳಿ ತಂದ. ರೆಕಾರ್ಡ್ ತಿರುಗುವ ಜಾಗಕ್ಕೆ ಹಲಸಿನ ಹಲಗೆಯ ಚಕ್ರ ಕೂರಿಸಿ, ರಟ್ಟಿನ ಮೇಲಿನ ಚುಕ್ಕೆಗಳ ಲೆಕ್ಕದಂತೆ ಅಂಚಿಗೆ ಹಿತ್ತಾಳೆ ಮೊಳೆ ಬಡಿದ. ಚಕ್ರ ತಿರುಗಿದಾಗ ಒಂದೊಂದು ಮೊಳೆಯೂ ಡಾಲ್ಡಾ ಡಬ್ಬಿಯ ತಗಡಿನ ಪಟ್ಟಿಗೆ ತಾಗಬೇಕು. ತಾಗಿದಾಗಲೆಲ್ಲ ಒಂದು ಪೆಟ್ಟು. ಮೊಳೆ ಎಲ್ಲಿ ಎಂಬುದಕ್ಕೆ ಮಧ್ಯಾಹ್ನದ ನಿದ್ದೆಯೇ ಗುರು. ಮೊಳೆ ಕೀಳುವುದು, ಒಂದು ಜೋಳದ ಕಾಳಿನಷ್ಟು ಆಚೆ ಬಡಿಯುವುದು, ಮತ್ತೆ ಮಲಗಿ ಕೇಳುವುದು. ಉಡಚವ್ವನ ಪಾಲಿಗೆ ಗಂಡ ಮಲಗಿಕೊಂಡೇ ಬಡಗಿಯಾದ.

ಪೆಟ್ಟಿನ ದನಿ ಬೇರೆಯೇ ಕತೆ. ಹಳೆಯ ಪಾಕೆಟ್ ರೇಡಿಯೋಗಳಿಂದ ಕಿತ್ತ ಟ್ರಾನ್ಸಿಸ್ಟರುಗಳಿಂದ ಚೌಡಪ್ಪ ಒಂದು ಸರ್ಕೀಟು ಕಟ್ಟಿ ಗ್ರಾಮಾಫೋನಿನ ಪೆಟ್ಟಿಗೆಯೊಳಗೇ ಕೂರಿಸಿದ. ಅದಕ್ಕೆ ಒಮ್ಮೆ ತಟ್ಟಿದರೆ ಮಡಕೆಗೆ ತಟ್ಟಿದ ಹಾಗೆ ಧಿಮ್ ಎಂದು ನಡುಗಿ ಸುಮ್ಮನಾಗಬೇಕು. ಅದರ ಬಾಯಿಗೆ ಕೊಡುವ ವೋಲ್ಟೇಜು ತುಸು ಹೆಚ್ಚಾದರೆ ಸುಮ್ಮನಾಗುವುದೇ ಇಲ್ಲ, ನಾಯಿಯಂತೆ ಊಳಿಡುತ್ತದೆ. ತುಸು ಕಡಿಮೆಯಾದರೆ ತಪ್ ಎಂದು ಸತ್ತು ಬೀಳುತ್ತದೆ. ಇವೆರಡರ ನಡುವೆ ಒಂದೇ ಒಂದು ಹದ. ಅದು ಒಂದು ವೋಲ್ಟಿನ ಐದನೆಯ ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣದನ್ನು ಅಳೆಯುವುದು ಹೇಗೆ? ಅಂಗಡಿಯ ಮೀಟರಿನಲ್ಲಿ ಮುಳ್ಳು ನಿದ್ದೆಗಣ್ಣಿನವನ ರೆಪ್ಪೆಯ ಹಾಗೆ ಕೊಂಚ ಎದ್ದು ಅಲ್ಲೇ ಬೀಳುತ್ತಿತ್ತು.

ಮತ್ತೆ ಅಕ್ಬರಸಾಬರೇ ಗತಿ. ಅವರು ಒಂದು ಕೆಟ್ಟ ಟೇಪ್ ರೆಕಾರ್ಡರಿನಿಂದ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಮೀಟರು ಬಿಚ್ಚಿ ಕೊಟ್ಟರು. ಮುಳ್ಳು ಉಸಿರು ತಾಗಿದರೆ ಏಳುವಷ್ಟು ನಾಜೂಕು, ಆದರೆ ಮುಖದ ಮೇಲೆ ಒಂದು ಅಂಕಿಯೂ ಇಲ್ಲ.

"ಅಂಕಿ ನಾನ ಬರೀತೇನ್ರಿ ಸಾಹೇಬ್ರ. ಆದ್ರ ಯಾವುದನ್ನ ನಂಬಿ ಬರೀಲಿ? ಸೆಲ್ ಅಂತೂ ಇವತ್ತೊಂದು ಹೇಳ್ತೈತಿ, ನಾಳೆ ಒಂದು."

ಅಕ್ಬರಸಾಬರು ಗಲ್ಲೆಯ ಮೂಲೆಯಿಂದ ಗುಂಡಿಯಂಥ ಒಂದು ಸೆಲ್ಲು ತೆಗೆದು ಅಂಗೈ ಮೇಲೆ ಇಟ್ಟರು. "ನನ್ನ ಕ್ಯಾಮೆರಾದ್ದು. ಒಂದು ಪಾಯಿಂಟ್ ಮೂರು ಐದು ವೋಲ್ಟು. ಸಾಯೂ ತನಕ ಇದು ಮಾತು ಬದಲಿ ಮಾಡೂದಿಲ್ಲ ತಮ್ಮಾ. ಮನಷ್ಯಾರು ಹಿಂಗ ಇದ್ದಿದ್ರ ನನ್ನ ದಂಧೆ ಎಲ್ಲಿಗೋ ಹೋಗಿರ್ತಿತ್ತು."

ಚೌಡಪ್ಪ ಒಂದೇ ಅಳತೆಯ ಹದಿನೈದು ರೆಸಿಸ್ಟರುಗಳನ್ನು ಸರವಾಗಿ ಬೆಸೆದು ಆ ಸೆಲ್ಲಿಗೆ ಕಟ್ಟಿದ. ಹದಿನೈದು ಪಾಲು, ಒಂದೊಂದು ಪಾಲಿಗೆ ನೂರರಲ್ಲಿ ಒಂಬತ್ತು ಭಾಗ ವೋಲ್ಟು. ಒಂದು ಪಾಲಿಗೆ ಮೀಟರು ತಾಗಿಸಿ, ಮುಳ್ಳು ನಿಂತಲ್ಲಿ ಸೂಜಿಯ ಮೊನೆಯಿಂದ ಮಸಿ ಇಟ್ಟ: ಒಂಬತ್ತು. ಎರಡಕ್ಕೆ ತಾಗಿಸಿ ಹದಿನೆಂಟು, ಮೂರಕ್ಕೆ ಇಪ್ಪತ್ತೇಳು. ಕೈ ನಡುಗಬಾರದೆಂದು ಉಸಿರು ಬಿಗಿ ಹಿಡಿದಿದ್ದ. ಗೀಟು ಎಳೆದು ಮುಗಿಸಿದಾಗ ಆ ಸಣ್ಣ ಬಿಳಿ ಮುಖವನ್ನು ಮಗುವನ್ನು ನೋಡಿದಂತೆ ನೋಡುತ್ತ ಬಹಳ ಹೊತ್ತು ಕೂತ.

ಹದಿನೆಂಟರ ಗೀಟಿನ ಮೇಲೆ ಮುಳ್ಳು ನಿಲ್ಲಿಸಿದರೆ ಪೆಟ್ಟು ಅಪ್ಪನದೇ. ಆದರೆ ಮೀಟರು ತೆಗೆದ ಕೂಡಲೇ ಪೆಟ್ಟಿಗೆ ಊಳಿಡುತ್ತಿತ್ತು. ತಾಗಿಸು, ಧಿಮ್. ತೆಗೆ, ಊಳು. ಹನ್ನೊಂದು ದಿನ ಇದೇ ಆಟ. ಕೊನೆಗೆ ಅಕ್ಬರಸಾಬರು ನಕ್ಕುಬಿಟ್ಟರು.

"ಮೀಟರ್ ಏನ್ ಸುಮ್ಮನ ನೋಡ್ತೈತೇನೋ ಹುಚ್ಚಾ? ಕುಡದು ನೋಡ್ತೈತಿ. ಅದು ಕುಡದಷ್ಟು ನಿನ್ನ ಸರ್ಕೀಟಿಗೆ ಕಡಿಮಿ."

ಉಡಚವ್ವನಿಗೆ ಇದು ಸುಲಭವಾಗಿ ತಿಳಿಯಿತು. "ಸಾರಿನ ರುಚಿ ನೋಡಾಕ ಸವಟಲೆ ಸುರಕೊಂಡ್ರ ಗಡಿಗ್ಯಾಗ ಏನ್ ಉಳೀತೈತ್ರಿ?"

ಬೇರೆಯವರಾಗಿದ್ದರೆ ಲೆಕ್ಕ ತಿದ್ದುತ್ತಿದ್ದರು. ಚೌಡಪ್ಪ ಮೀಟರನ್ನೇ ಪೆಟ್ಟಿಗೆಯ ಮುಂಭಾಗಕ್ಕೆ ಮೊಳೆ ಹೊಡೆದು ಕೂರಿಸಿಬಿಟ್ಟ. ಕುಡುಕನನ್ನು ಓಡಿಸುವ ಬದಲು ಮನೆ ಅಳಿಯನನ್ನಾಗಿ ಮಾಡಿಕೊಂಡ ಹಾಗೆ. ಈಗ ಪ್ರತಿ ಪೆಟ್ಟಿಗೂ ಮುಳ್ಳು ಒಮ್ಮೆ ನಡುಗಿ ಮತ್ತೆ ಹದಿನೆಂಟಕ್ಕೆ ಬಂದು ನಿಲ್ಲುತ್ತಿತ್ತು. ಎಡಗೈಯ ಸಣ್ಣ ಕಡ್ಡಿಯ ದನಿಯನ್ನೂ ಮಾಡಲು ನೋಡಿದ. ತಗಡಿನ ಮೇಲೆ ಅಕ್ಕಿ ಎರಚಿದ ಹಾಗೆ ಬಂತು. ಅಪ್ಪನಿಂದ ಹೋದದ್ದು ಬಲಗೈ ತಾನೆ, ಅದೊಂದೇ ಸಾಕೆಂದು ಕೈಬಿಟ್ಟ.

ಎಂಬತ್ತಮೂರರ ದೀಪಾವಳಿ ಕಳೆದ ಮೇಲೆ, ಒಂದು ಉರಿ ಮಧ್ಯಾಹ್ನ, ತಗಡಿನ ಮಾಡು ಟಿಕಟಿಕ ಎಂದು ಕಾಯುತ್ತಿರುವಾಗ ಪೆಟ್ಟಿಗೆ ಪೂರ್ತಿಯಾಯಿತು. ಚಾವಿ ಕೊಟ್ಟು ಬಿಟ್ಟ. ಹದಿನಾಲ್ಕರ ಸುತ್ತು ಒಂದು, ಎರಡು, ಮೂರು. ಕಣ್ಣು ತೆರೆದುಕೊಂಡೇ ಕೆರೆಯ ಏರಿ ಕಂಡಿತು. ನೀರಿನ ಮೇಲೆ ಬಿಸಿಲು, ಅಪ್ಪನ ಧೋತರದ ಚುಂಗು. ಅಷ್ಟರಲ್ಲಿ ಉಡಚವ್ವ ಗಾಬರಿಯಿಂದ ಓಡಿ ಬಂದಳು.

"ಯಾರ್ರೀ ಸತ್ತರು? ಹಲಗಿ ಕೇಳ್ತು."

ಚೌಡಪ್ಪನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಯಾರೂ ಸತ್ತಿಲ್ಲ ಬಿಡ. ಕೆರಿ ತುಂಬೈತಿ."

ಡಿಸೆಂಬರಿನಲ್ಲಿ ಭರಮವ್ವನಿಂದ ಸುದ್ದಿ ಬಂತು. ಅಪ್ಪ ಊಟ ಕಡಿಮೆ ಮಾಡಿದ್ದಾನೆ, ಬೆರಳು ಕೂಡ ಈಗೀಗ ನಿಲ್ಲುತ್ತಿವೆ. ಮರುದಿನವೇ ಚೌಡಪ್ಪ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು ಮೊದಲ ಬಸ್ಸು ಹಿಡಿದ. ಸಿಕ್ಕಿದ್ದು ಗಾಜಿಲ್ಲದ ಕಿಟಕಿಯ ಸೀಟು. ಅಕ್ಕಿಆಲೂರು ದಾಟುವ ಹೊತ್ತಿಗೆ ಮಂಜು ಬಸ್ಸಿನ ಒಳಗೇ ಬಂದು ಕೂತಿತ್ತು. ಗದ್ದೆ, ಅಕ್ಕಿ ಗಿರಣಿಯ ಚಿಮಣಿ, ದನದ ಹಿಂದಿನ ಮನುಷ್ಯ, ಎಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ತೇಲಿ ಬಂದು ಕರಗಿ ಹೋಗುತ್ತಿದ್ದವು. ಚೌಡಪ್ಪ ಅರೆನಿದ್ದೆಯಲ್ಲಿ ಮಡಿಲ ಪೆಟ್ಟಿಗೆಯನ್ನು ತಬ್ಬಿಕೊಂಡಿದ್ದ. ಅಪ್ಪ ಏನೆಂದಾನು? ಲೇ ಚೌಡ್ಯಾ ಎಂದಾನು. ಅಷ್ಟೆಂದರೂ ಸಾಕು. ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಮಾಸೂರಿನಲ್ಲಿ ಇಳಿದಾಗ ಬೆರಳು ಮರಗಟ್ಟಿದ್ದವು.

ಕೆರೆಯ ಮಂಜು ಇನ್ನೂ ಊರ ಮೇಲಿಂದ ಎದ್ದಿರಲಿಲ್ಲ. ಬಿಸಿಲು ಬಂದೀತೆಂದು ಗುತ್ತೆಪ್ಪನನ್ನು ಅಂಗಳದ ಹೊರಸಿಗೆ ತಂದು, ಗೋಡೆಗೆ ಒರಗಿಸಿ, ಕಂಬಳಿ ಹೊದಿಸಿದ್ದರು. ಮಗನನ್ನು ಕಂಡು ಅವನು ಗೋಡೆಯ ಕಡೆ ಮುಖ ಮಾಡಿದ. ಪಕ್ಕದ ಮನೆಯ ಲಕ್ಕಪ್ಪ, ನಾಲ್ಕಾರು ಹೆಂಗಸರು ಬಂದು ಸುತ್ತ ನಿಂತರು. ಚೌಡಪ್ಪ ಪೆಟ್ಟಿಗೆಯನ್ನು ಹೊರಸಿನ ಮುಂದಿಟ್ಟು ಚಾವಿ ಕೊಟ್ಟ, ಸ್ವಿಚ್ಚು ಹಾಕಿದ.

ತಪ್. ತಪ್. ತಪ್.

ಹಸಿ ಗೋಣಿಚೀಲಕ್ಕೆ ಕೋಲು ಹೊಡೆದ ಹಾಗೆ. ಚೌಡಪ್ಪ ಮೀಟರು ನೋಡಿದ. ಮುಳ್ಳು ಹದಿನೆಂಟರ ಮೇಲೆಯೇ ಇತ್ತು. ಸೆಲ್ಲು ತೆಗೆದು ಹಾಕಿದ, ತಂತಿ ಎಳೆದು ನೋಡಿದ, ಜೇಬಿನ ಗುಂಡಿ ಸೆಲ್ಲಿನಿಂದ ಮೀಟರನ್ನೇ ಪರೀಕ್ಷೆ ಮಾಡಿದ. ಅಂಕಿ ಎಲ್ಲವೂ ಸರಿ. ದನಿ ಸತ್ತಿತ್ತು.

"ಇದೇನ್ ಚೌಡಪ್ಪಾ," ಎಂದ ಲಕ್ಕಪ್ಪ, ಪಾಪ, ಕೆಟ್ಟ ಮನಸ್ಸಿನಿಂದಲ್ಲ, "ತೊಯ್ದ ಹಲಗಿ ತಂದಿಯಲ್ಲ?"

ಹದಿನೇಳು ವರ್ಷದ ಹಿಂದಿನ ಕಾಲುವೆಯ ನೀರು ಚೌಡಪ್ಪನ ಮೊಣಕೈವರೆಗೆ ತಣ್ಣಗೆ ಏರಿತು. ಅವನು ಮುಖ ತಗ್ಗಿಸಿ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತತೊಡಗಿದ.

"ಕಾಸೋ."

ದನಿ ತೊದಲಾಗಿತ್ತು. ಭರಮವ್ವ ಹೇಳಿದಳೋ ಎಂದು ಚೌಡಪ್ಪ ಅಕ್ಕನ ಕಡೆ ನೋಡಿದ. ಅವಳು ಬಾಯಿಗೆ ಸೆರಗು ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು.

"ಲೇ ಚೌಡ್ಯಾ," ಗುತ್ತೆಪ್ಪ ಗೋಡೆಯಿಂದ ಈ ಕಡೆ ತಿರುಗಿದ. ಬಾಯಿ ಒಂದು ಕಡೆ ಎಳೆದಿತ್ತು, ಕಣ್ಣು ಎರಡೂ ಮಗನ ಮೇಲಿದ್ದವು. "ಕಾಸದ ಬಾರಸ್ತಾರೇನೋ? ಹಲಗಿಯವ್ನ ಮಗಾ ಆಗಿ ಅಷ್ಟೂ ಗೊತ್ತಿಲ್ಲೇನು? ಹುಲ್ಲು ಹಚ್ಚು."

ಚೌಡಪ್ಪ ಹೇಗೆ ಎದ್ದ, ಬಣವೆಯಿಂದ ಹುಲ್ಲು ಹೇಗೆ ಹಿರಿದ, ಅವನಿಗೇ ನೆನಪಿಲ್ಲ. ಅಂಗಳದ ನಡುವೆ ಭತ್ತದ ಹುಲ್ಲು ಭಗ್ಗೆಂದಿತು. ಗುತ್ತೆಪ್ಪ ಎಡಗೈಯಿಂದ ಹೇಳಿಕೊಟ್ಟ: ಹತ್ತಿರ ಬೇಡ, ಮುಖ ತೋರಿಸಬೇಡ, ಬೆನ್ನು ತೋರಿಸು, ತಿರುಗಿಸು, ಇನ್ನೊಮ್ಮೆ ತಿರುಗಿಸು. ದುಪ್ಪಟಿ ಬಿಚ್ಚಿ ಮತ್ತೆ ಚಾವಿ ಕೊಟ್ಟ ಪೆಟ್ಟಿಗೆಯೊಳಗೆ ಚಕ್ರ ತಿರುಗುತ್ತಲೇ ಇತ್ತು. ತಪ್ ಎನ್ನುತ್ತಿದ್ದದ್ದು ತಮ್ ಎಂದಿತು. ತಮ್ ಎನ್ನುತ್ತಿದ್ದದ್ದು ದುಂಡಗಾಗಿ, ತುಂಬಿಕೊಂಡು, ಧಿಮ್ ಎಂದಿತು. ಮುಳ್ಳು ಮಾತ್ರ ಪೆಟ್ಟಿಗೊಮ್ಮೆ ನಡುಗಿ ಅದೇ ಹದಿನೆಂಟಕ್ಕೆ ಬಂದು ನಿಲ್ಲುತ್ತಿತ್ತು.

ಎಂಥ ಬೆಪ್ಪುತನ ನೋಡಿ. ಆ ಹಳೆಯ ಟ್ರಾನ್ಸಿಸ್ಟರುಗಳ ಸ್ವಭಾವವೇ ಹಾಗೆ, ಚಳಿಯಲ್ಲಿ ಮುದುಡುತ್ತವೆ, ಕಾವು ತಾಗಿದರೆ ಅರಳುತ್ತವೆ. ಕಾದ ತಗಡಿನ ಕೆಳಗೆ ಕೂತು ಹದ ಹಿಡಿದ ಚೌಡಪ್ಪ ಮಂಜಿನಲ್ಲೂ ಅದೇ ಅಂಕಿಯನ್ನು ನಂಬಿದ್ದ. ನೂರರಲ್ಲಿ ಒಂದು ಭಾಗ ವೋಲ್ಟನ್ನೂ ಬಿಡದೆ ಅಳೆದವನು, ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿಯಬೇಕೆಂಬ, ಹಲಗಿಯವರ ಮನೆಯ ಕೂಸಿಗೂ ಗೊತ್ತಿರುವ ಮಾತನ್ನು ಮರೆತಿದ್ದ.

ಸಂತೋಷದಲ್ಲಿ ತುಸು ಹೆಚ್ಚೇ ಕಾಸಿದ. ಪೆಟ್ಟಿಗೆ ಊಳಿಟ್ಟಿತು.

"ಹಿಂದಕ್ಕ ಹಿಡಿಯೋ, ಸುಟ್ಟಿ!" ಎಂದು ಗುತ್ತೆಪ್ಪ ಕೂಗಿದ. ಕೂಗುತ್ತಲೇ ನಕ್ಕ. ಅರ್ಧ ಬಾಯಿಯಲ್ಲೇ ನಕ್ಕ. ಭರಮವ್ವ ಅಳುತ್ತ ನಕ್ಕಳು. ಲಕ್ಕಪ್ಪನಂತೂ ಯಾಕೆಂದು ತಿಳಿಯದೆಯೂ ಎಲ್ಲರಿಗಿಂತ ಜೋರಾಗಿ ನಕ್ಕ.

"ತಾ ಇಲ್ಲೆ."

ಚೌಡಪ್ಪ ಬೆಚ್ಚಗಿನ ಪೆಟ್ಟಿಗೆಯನ್ನು ಅಪ್ಪನ ಎದೆಗೆ ಒರಗಿಸಿ, ಬೀಳದಂತೆ ತಾನೇ ಹಿಡಿದು ಕೂತ. ಗುತ್ತೆಪ್ಪ ಕಣ್ಣು ಮುಚ್ಚಿದ. ಒಂದು ಸುತ್ತು ಕೇಳಿದ, ಎರಡು ಸುತ್ತು ಕೇಳಿದ. ಮೂರನೆಯದಕ್ಕೆ ಅವನ ಎಡಗೈಯ ಬೆರಳು ಪೆಟ್ಟಿಗೆಯ ಮುಚ್ಚಳದ ಮೇಲೆ ಟಕಟಕ ಎಂದವು. ನಿಲ್ಲಬೇಕಾದಲ್ಲಿ ನಿಂತವು. ಆ ಖಾಲಿ ಜಾಗದಲ್ಲಿ ಧಿಮ್ ಎಂದು ಪೆಟ್ಟು ಬಿತ್ತು. ಬೆರಳು ಮತ್ತೆ ಓಡಿದವು, ಮತ್ತೆ ಪೆಟ್ಟು ಬಿತ್ತು. ಹುಲ್ಲಿನ ಹೊಗೆಯೂ ಮಂಜೂ ಸೇರಿ ಅಂಗಳ ಕಾಣದಾಯಿತು. ಚೌಡಪ್ಪನಿಗೆ ತಾನು ಎಚ್ಚರವಿದ್ದೇನೋ ಮಧ್ಯಾಹ್ನದ ಬೆಂಚಿನ ಮೇಲಿದ್ದೇನೋ ತಿಳಿಯಲಿಲ್ಲ. ಕಾಲ ಕೆಳಗೆ ಏರಿಯ ಒದ್ದೆ ಮಣ್ಣು ಇತ್ತು. ಕೆರೆ ತುಂಬಿತ್ತು. ಅಪ್ಪ ಎರಡೂ ಕೈಯಲ್ಲಿ ಬಾರಿಸುತ್ತಿದ್ದ.

ಚಾವಿ ತೀರುತ್ತ ಬಂದು ಚಕ್ರ ನಿಧಾನವಾಯಿತು. ಬೆರಳೂ ಅದರ ಜೊತೆಗೇ ನಿಧಾನವಾದವು. ಕೊನೆಯ ಪೆಟ್ಟು ಬಿದ್ದು ಅಂಗಳ ಸುಮ್ಮನಾಯಿತು.

ಗುತ್ತೆಪ್ಪ ಕಣ್ಣು ತೆರೆದು ಪೆಟ್ಟಿಗೆಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಚೌಡ್ಯಾ, ಯಾರರೆ ಬಂದು ಬಾಗಲದಾಗ ನಿಂತು, ಇದನ್ನ ಬಾರಸ ಬಾ ಅಂದ್ರ?"

"ಚಾವಿ ನಮ್ಮ ಕೈಯಾಗ ಐತೆಪ್ಪಾ," ಎಂದ ಚೌಡಪ್ಪ. "ನಾವು ಕೊಟ್ರ ಅಷ್ಟ ಬಾರಸ್ತೈತಿ. ಇಲ್ಲಂದ್ರ ಇಲ್ಲ."

ಮಂಜು ಏಳುತ್ತಿತ್ತು, ಏರಿಯ ಕಡೆಯಿಂದ ಬಿಸಿಲು ಬಂದು ಹೊರಸಿನ ಕಾಲು ಮುಟ್ಟಿತು. ಗುತ್ತೆಪ್ಪ ಎಡಗೈಯಿಂದ ಪೆಟ್ಟಿಗೆಯ ಬದಿಯನ್ನು ತಡವರಿಸಿದ. ಚೌಡಪ್ಪ ಆ ಕೈಯನ್ನು ಹಿಡಿದು ಚಾವಿಯ ಹಿಡಿಕೆಯ ಮೇಲಿಟ್ಟ.

"ಕೈ ಬಿಡೋ," ಎಂದ ಗುತ್ತೆಪ್ಪ. "ನಾ ಕೊಡ್ತೇನಿ."